ಮುಂಡಾಸಿನ ಮೇಲೆ ಕೂತ ತರಗೆಲೆ

ಹತ್ತಿರ ಸರಿದು ಕೂತುಕೊಳ್ಳಿ ಮಕ್ಕಳೇ. ಚಳಿಯೆಂದರೆ ಏನೆಂದೇ ತಿಳಿಯದ ಒಂದಾನೊಂದು ರಾಜ್ಯದಲ್ಲಿ ಅರಿಸಿನಿ ಎಂಬ ಪತಂಗ ಇದ್ದಳು. ರೆಕ್ಕೆ ಮಡಿಸಿ ಕೂತರೆ ಥೇಟು ತರಗೆಲೆ. ಬಿಚ್ಚಿದರೆ ಒಳಗೆಲ್ಲ ಅರಿಸಿನದ ಬಣ್ಣ, ಮೇಲೊಂದಿಷ್ಟು ಕಾಡಿಗೆ ಬೊಟ್ಟು. ಅವಳಿಗೆ ನೆಂಟರೋ ನೆಂಟರು. ಕಡಲಾಚೆಯ ದ್ವೀಪಗಳಲ್ಲಿ ಚಿಕ್ಕಪ್ಪಂದಿರು, ಆಫ್ರಿಕಾದ ಕಾಡಿನಲ್ಲಿ ಸೋದರತ್ತೆಯರು. ಸೆಕೆಯಿದ್ದು ಹಣ್ಣು ಬಿಡುವ ಕಡೆಯೆಲ್ಲ ಅವರದೇ ಸಂಸಾರ.

ಅವಳ ಮರಿಹುಳುಗಳು ಅರಸನ ಕಿತ್ತಳೆ ತೋಟದ ಬೇಲಿಯಲ್ಲಿ ಅಮೃತಬಳ್ಳಿಯ ಎಲೆ ಮೇಯುತ್ತಿದ್ದವು. ಬೇರೆ ಎಲೆ ಅವಕ್ಕೆ ಸೇರದು.

ಆ ತೋಟಕ್ಕೆ ಬಸಲಿಂಗ ಕಾವಲುಗಾರ. ಕದಿಯುವುದರಲ್ಲೂ ಎತ್ತಿದ ಕೈ. ಸಂಜೆ ಮನೆಗೆ ಹೊರಟಾಗ ಭಟರು ಅವನ ಬುತ್ತಿಗಂಟು ಬಿಚ್ಚುವರು, ಸೊಂಟ ತಡವುವರು, ಮುಂಡಾಸು ಮಾತ್ರ ಮುಟ್ಟರು. ಆ ರಾಜ್ಯದಲ್ಲಿ ಒಬ್ಬನ ಮುಂಡಾಸಿಗೆ ಕೈಹಾಕಿದರೆ ಅವನ ಮಾನಕ್ಕೇ ಕೈಹಾಕಿದಂತೆ. ಹಣ್ಣೆಲ್ಲ ಹೋಗುತ್ತಿದ್ದುದು ಅದರೊಳಗೇ.

ಹಣ್ಣು ಏನಾಯಿತೆಂದು ಅರಸ ಕೇಳಿದ. ಹಕ್ಕಿ ತಿಂದವು ಎಂದ ಬಸಲಿಂಗ. ಅರಸ ಬಲೆ ಕಟ್ಟಿಸಿದ. ಮುಂಡಾಸು ಮಡಕೆಯಷ್ಟಾಯಿತು.

ಅರಸ ಮತ್ತೆ ಕೇಳಿದ. ಬಾವಲಿ ತಿಂದವು ಎಂದ. ಅರಸ ತಮಟೆ ಹೊಡೆಸಿದ. ಮುಂಡಾಸು ಕೊಡದಷ್ಟಾಯಿತು.

ಮೂರನೆಯ ಸಲ, ಮನೆಗೆ ಹೊರಟಿದ್ದವನನ್ನು ಅರಸ ಒಡ್ಡೋಲಗಕ್ಕೇ ಕರೆಸಿದ. ಪತಂಗಗಳೇ ಕಳ್ಳರು, ಅಮೃತಬಳ್ಳಿ ಸುಟ್ಟರೆ ಅವುಗಳ ವಂಶವೇ ಅಳಿಯುತ್ತದೆ ಎಂದ ಬಸಲಿಂಗ. ಹಾಗೇ ಆಗಲಿ ಎಂದ ಅರಸ. ಅಷ್ಟು ಹೊತ್ತಿಗೆ ಮುಂಡಾಸು ಹಂಡೆಯಷ್ಟಾಗಿತ್ತು. ಅರಸನೋ, ಕಾವಲುಗಾರನಿಗೆ ಗತ್ತು ಬಂದಿದೆ ಎಂದುಕೊಂಡ, ಪುಣ್ಯಾತ್ಮ.

ಕಿಟಕಿಯಲ್ಲಿ ಕೂತಿದ್ದ ಅರಿಸಿನಿ ಇದನ್ನೆಲ್ಲ ಕೇಳಿಸಿಕೊಂಡಳು. ಮರಿಗಳಿಗಿನ್ನೂ ರೆಕ್ಕೆ ಬಂದಿಲ್ಲ, ಓಡಿಹೋಗುವುದಾದರೂ ಹೇಗೆ? ಅಳುತ್ತ ಕೂರುವ ಹೊತ್ತಲ್ಲ ಎಂದುಕೊಂಡು ಹಣ್ಣಿನ ವಾಸನೆ ಹಿಡಿದು ಹಾರಿಬಂದವಳೇ ಮುಂಡಾಸಿನ ಮೇಲೆ ಕೂತಳು.

ತಲೆಯ ಮೇಲೇನೋ ತರಗೆಲೆ ಎಂದ ಅರಸ. ಬಸಲಿಂಗ ಮೆಲ್ಲಗೆ ಕೊಡವಿದ. ಜೋರಾಗಿ ಕೊಡವಿದರೆ ಹಣ್ಣು ಉರುಳುವ ಭಯ. ಅವಳು ಎದ್ದು ಮತ್ತೆ ಕೂತಳು. ಮತ್ತೆ ಕೊಡವಿದ. ಮೂರನೆಯ ಸಲ ಅವಳು ಮೊಳೆಯಂಥ ಮೂತಿಯನ್ನು ಬಟ್ಟೆಯೊಳಗೆ ಚುಚ್ಚಿ, ಹಣ್ಣು ಕೊರೆದು, ಹೊರಗೆಳೆದಳು. ಬಸಲಿಂಗನ ಹಣೆಯಿಂದ ಮೂಗಿಗೆ, ಮೂಗಿನಿಂದ ಮೀಸೆಗೆ ತೊಟತೊಟ ರಸ ಇಳಿಯಿತು.

“ಲೋ ಬಸಲಿಂಗ, ನಿನ್ನ ತಲೆ ಸೋರ್ತಾ ಇದೆಯಲ್ಲೋ.”

“ಬೆವರು, ಮಹಾಸ್ವಾಮಿ.”

ಅರಿಸಿನಿ ರೆಕ್ಕೆ ಬಿಚ್ಚಿದಳು. ಸಭೆಯೆಲ್ಲ ಬೆರಗಾಯಿತು.

“ಮಹಾಸ್ವಾಮಿ, ನಾನು ರಸ ಕುಡಿಯೋದು ನಿಜ. ಸಣ್ಣ ತೂತು ಕೊರೀತೀನಿ, ಹಣ್ಣು ಅಲ್ಲೇ ಇರ್ತದೆ. ಹೊತ್ಕೊಂಡು ಹೋಗೋಕೆ ನಂಗೆ ಕೈ ಎಲ್ಲಿದೆ? ಇವನ ಬೆವರು ಮಾತ್ರ ಬಲು ಸಿಹಿಯಾಗಿದೆ.”

ಅರಸನ ಮೂಗಿಗೆ ಈಗ ಕಿತ್ತಳೆಯ ವಾಸನೆ ಬಡಿಯಿತು. ಆದರೆ ಮುಂಡಾಸಿಗೆ ಅರಸನೂ ಕೈಹಾಕುವಂತಿಲ್ಲ. ಅವನು ಮೀಸೆಯಲ್ಲೇ ನಕ್ಕು, ಸರಿ, ಒಂದು ಸಾಷ್ಟಾಂಗ ಹಾಕಿ ಮನೆಗೆ ಹೋಗು ಎಂದ.

ಹಾಕದಿದ್ದರೆ ತಲೆ ಹೋಗುತ್ತದೆ, ಹಾಕಿದರೆ ಹಣ್ಣು ಹೋಗುತ್ತದೆ. ಬಸಲಿಂಗ ಉದ್ದಕ್ಕೆ ಬಿದ್ದ. ಕಿತ್ತಳೆಗಳು ಸಿಂಹಾಸನದವರೆಗೂ ಉರುಳಿದವು.

ಅಮೃತಬಳ್ಳಿ ಉಳಿಯಿತು. ಮೇಲಿನ ಕೊಂಬೆಗಳ ಹಣ್ಣೆಲ್ಲ ಪತಂಗಗಳಿಗೇ ಎಂದು ಅರಸ ಸಾರಿಸಿದ. ಇನ್ನು ಮೇಲೆ ಬಸಲಿಂಗ ಬರಿತಲೆಯಲ್ಲೇ ತೋಟ ಕಾಯಬೇಕೆಂದು ಅಪ್ಪಣೆಯಾಯಿತು. ಅವನ ಬೋಳುತಲೆಯ ಮೇಲೆ ಪತಂಗಗಳು ಕೊರೆದ ಹಣ್ಣಿನ ರಸ ಈಗಲೂ ತೊಟ್ಟಿಕ್ಕುತ್ತಿದೆಯಂತೆ.

ನೆನಪಿಡಿ ಮಕ್ಕಳೇ, ತನ್ನ ಕಳ್ಳತನವನ್ನು ಬಡಪಾಯಿಗಳ ಮೇಲೆ ಹೊರಿಸುವವನು ಒಂದಲ್ಲ ಒಂದು ದಿನ ತಲೆ ಬಾಗಿಸಲೇಬೇಕಾಗುತ್ತದೆ, ಬಚ್ಚಿಟ್ಟದ್ದೆಲ್ಲ ಆಗ ಉರುಳಿಬೀಳುತ್ತದೆ.