ಕೌದಿಯ ಅಂಚು ಮಲಗಿಸಿದವಳು

“ಅಜ್ಜಾರೇ, ಹೇಳಿದ ಬುದ್ಧಿ ಯಾಕೆ ನಿಲ್ಲುವುದಿಲ್ಲ?” ಎಂದು ನೇಕಾರ ಅಡಿವೆಪ್ಪ ಕೇಳಿದ.

ಯಾರಿಗೆ ಹೇಳಿದ ಬುದ್ಧಿ ಎಂದು ಮಠದ ಅಜ್ಜನವರು ವಿಚಾರಿಸಿದರು.

“ನನ್ನ ತಮ್ಮನಿಗೆ. ಮಗ್ಗ ಬಿಟ್ಟು ಇಸ್ಪೀಟಿನವರ ಜೊತೆ ಕೂರುತ್ತಾನೆ. ಕರೆದು ಕಟುವಾಗಿ ಹೇಳಿದೆ. ಅವನು ಅತ್ತುಬಿಟ್ಟ. ಇನ್ನು ಆ ಕಡೆ ಹೋಗುವುದಿಲ್ಲ ಎಂದ. ಅವನು ಅಂದದ್ದು ಸುಳ್ಳಲ್ಲ, ಅದು ನನಗೆ ಗೊತ್ತು. ಆದರೂ ಮತ್ತೆ ಅಲ್ಲಿಯೇ ಹೋಗಿ ಕೂತ. ಇನ್ನೂ ಬಿರುಸಾಗಿ ಹೇಳಲೇ, ಇಲ್ಲ ಕೈಬಿಡಲೇ?”

ಅಜ್ಜನವರು ನೇರ ಉತ್ತರ ಕೊಡಲಿಲ್ಲ. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಬಾಳವ್ವ ಎಂಬ ಹೆಂಗಸು ಕೌದಿ ಹೊಲಿಯುತ್ತಿದ್ದಳು. ಜನ ಹಳೆಯ ಸೀರೆ, ಧೋತರ ತಂದುಕೊಡುತ್ತಿದ್ದರು. ಅವಳು ಅವನ್ನು ತುಂಡು ಮಾಡಿ ಜೋಡಿಸಿ, ಪದರದ ಮೇಲೆ ಪದರ ಹಾಸಿ ಹೊಲಿದುಕೊಡುತ್ತಿದ್ದಳು. ಎರಡು ತುಂಡು ಕೂಡುವಲ್ಲಿ ಬಟ್ಟೆಯ ಅಂಚು ಎದ್ದು ನಿಲ್ಲುತ್ತದೆ. ಅದನ್ನು ಹೆಬ್ಬೆರಳಿನ ಉಗುರಿನಿಂದ ಗೀರಿ ಮಲಗಿಸುತ್ತಿದ್ದಳು. ಅಷ್ಟೋ ಇಷ್ಟೋ ಮಲಗುತ್ತಿತ್ತು. ದುಡಿದು ದಣಿದು ಮಲಗುವವರಿಗೆ ಅಂಚು ಒತ್ತಿದ್ದು ತಿಳಿಯುತ್ತಿರಲಿಲ್ಲ. ಯಾರೂ ದೂರು ಹೇಳಿರಲಿಲ್ಲ.

ಒಂದು ದಿನ ಕುಂಬಾರನೊಬ್ಬ ಬಂದ. ಹೆರಿಗೆಯಲ್ಲಿ ಅವನ ಹೆಂಡತಿ ತೀರಿಕೊಂಡಿದ್ದಳು. ಮಗು ಉಳಿದಿತ್ತು. ಅವನು ಹೆಂಡತಿಯ ಸೀರೆಗಳ ಗಂಟನ್ನು ಬಾಳವ್ವನ ಮುಂದೆ ಇಟ್ಟ.

“ಕೂಸು ತಾಯಿ ಮಗ್ಗುಲಲ್ಲಿ ಮಲಗಲಿಲ್ಲ. ಇದರ ಮೇಲಾದರೂ ಮಲಗಲಿ,” ಎಂದ. ಮದುವೆಯ ಕೆಂಪು ಸೀರೆಯ ಸೆರಗನ್ನು ಬೇರೆಯಾಗಿ ತೆಗೆದು ತೋರಿಸಿದ. ಅದು ನಡುವೆ ಬರಬೇಕೆಂದು ಕೇಳಿಕೊಂಡ.

ಬಾಳವ್ವ ಗಂಟು ಬಿಚ್ಚಿದಳು. ಕೂಸಿನ ಮೈ ಎಳೆಯದು. ಅಂಚು ಎದ್ದರೆ ಬೆನ್ನಿನ ಮೇಲೆ ಬರೆ ಏಳುತ್ತದೆ. ಇದನ್ನು ಉಗುರಿನಿಂದ ಗೀರಿ ಕೊಡುವಂತಿರಲಿಲ್ಲ.

ಅವಳ ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಇರಲಿಲ್ಲ. ಹಿತ್ತಾಳೆ ತಂಬಿಗೆಗೆ ಕೆಂಡ ತುಂಬಿದಳು. ಬಿದಿರು ಸೀಳಿ ಅದಕ್ಕೆ ಅರಿವೆ ಸುತ್ತಿದಳು. ಅದನ್ನು ಅಂಚಿನ ಅಡಿಗೆ ಇಟ್ಟರೆ ಅಂಚು ಮಾತ್ರ ಮೇಲಕ್ಕೆ ಬರುತ್ತದೆ, ಉಳಿದ ಬಟ್ಟೆಗೆ ಕಾವು ತಾಕುವುದಿಲ್ಲ. ನೀರು ಚಿಮುಕಿಸಿ ತಂಬಿಗೆ ಒತ್ತಿದಳು. ಅಂಚು ನೆಲಕ್ಕೆ ಅಂಟಿದ ಹಾಗೆ ಮಲಗಿತು. ಬಾಳವ್ವನಿಗೆ ಸಮಾಧಾನವಾಯಿತು. ತಂಬಿಗೆ ಪಕ್ಕಕ್ಕಿಟ್ಟು ಸೂಜಿಗೆ ದಾರ ಪೋಣಿಸಿ ತಿರುಗಿ ನೋಡಿದಳು. ಅಂಚು ಎದ್ದು ನಿಂತಿತ್ತು.

ಕಾವು ಸಾಲಲಿಲ್ಲ ಎಂದುಕೊಂಡಳು. ಊದಿ ಊದಿ ಕೆಂಡ ಕೆರಳಿಸಿ ಮತ್ತೆ ಒತ್ತಿದಳು. ಮಲಗಿತು, ಎದ್ದಿತು. ಮೊಣಕಾಲೂರಿ ಮೈಭಾರವನ್ನೆಲ್ಲ ಹಾಕಿದಳು. ಅಷ್ಟು ಹೊತ್ತಿಗೆ ಕೈಯಲ್ಲಿದ್ದದ್ದು ಕೆಂಪು ಸೆರಗು. ಸುಟ್ಟ ವಾಸನೆ ಬಂದಾಗ ತಂಬಿಗೆ ಎತ್ತಿದಳು. ಸೆರಗಿನ ಒಂದು ಬದಿಗೆ ತಂಬಿಗೆಯ ತಳದಷ್ಟು ಅಗಲ ಕಂದು ಕಲೆ ಬಿದ್ದಿತ್ತು. ಬೆರಳು ತಾಗಿಸಿದಲ್ಲಿ ನೂಲು ಪುಡಿಯಾಯಿತು.

ಅಂಥ ಸೀರೆ ಮತ್ತೆ ಸಿಗಬಹುದು. ತೀರಿಕೊಂಡವಳು ಉಟ್ಟ ಸೀರೆ ಸಿಗುವುದಿಲ್ಲ. ಬಾಳವ್ವ ಅಂದು ಅಡಿಗೆಗೂ ಏಳಲಿಲ್ಲ. ಕಲೆ ಮುಚ್ಚಿ ಹೊಲಿದುಬಿಡಲೇ ಎಂಬ ಯೋಚನೆಯೂ ಬಂತು. ಕೊನೆಗೆ ತಾನೇ ಸೆರಗು ಹಿಡಿದುಕೊಂಡು ಕುಂಬಾರನ ಮನೆಗೆ ಹೋದಳು.

ಅವನು ಗಡಿಗೆ ಸುಡುವ ಆವಿಗೆಯ ಪಕ್ಕದಲ್ಲಿ ಕೂತಿದ್ದ. ಬೆಂಕಿ ಆಗಲೇ ನಂದಿತ್ತು. ಬಾಳವ್ವ ಸೆರಗು ಬಿಡಿಸಿ ತೋರಿಸಿದಳು. ಅವನು ಕಲೆಯ ಸುತ್ತ ಒಮ್ಮೆ ಕೈಯಾಡಿಸಿದ. ಸೆರಗನ್ನು ಅವಳ ಕೈಗೆ ತಿರುಗಿ ಕೊಟ್ಟ.

“ಸುಟ್ಟಷ್ಟು ಕತ್ತರಿಸಿಬಿಡು. ಉಳಿದದ್ದನ್ನೇ ನಡುವೆ ಹಾಕು,” ಎಂದ.

ಅವಳು ಸೆರಗು ಮಡಿಸಿದಳು. ಹೊರಡಲು ಕಾಲು ಬರಲಿಲ್ಲ. ಸುಮ್ಮನೆ, “ಬೆಂಕಿ ಆರಿದೆಯಲ್ಲ, ಇನ್ನೂ ಯಾಕೆ ಕೂತೀಯಪ್ಪ?” ಎಂದು ಕೇಳಿದಳು.

“ಬೆಂಕಿ ಆರಿದೆ, ಗಡಿಗೆ ಆರಿಲ್ಲ. ಈಗ ಮೇಲಿನ ಮುಚ್ಚಿಗೆ ತೆಗೆದರೆ ಎಲ್ಲ ಸೀಳು ಬಿಡುತ್ತವೆ. ಸುಡುವುದು ಅರ್ಧ ಕೆಲಸ, ತಾಯಿ. ಮುಚ್ಚಿಟ್ಟು ಆರಿಸುವುದು ಇನ್ನರ್ಧ.”

ಬಾಳವ್ವ ಮನೆಗೆ ಬಂದಳು. ಮೂಲೆಯಲ್ಲಿ ಮುರಿದ ಒನಕೆ ಬಿದ್ದಿತ್ತು. ಗಟ್ಟಿ ಮರ, ವರ್ಷಗಟ್ಟಲೆ ಕೈ ಆಡಿ ನುಣುಪಾದದ್ದು. ಗೇಣುದ್ದ ಕೊಯ್ದು, ಒಂದು ಬದಿಯನ್ನು ಕಲ್ಲಿನ ಮೇಲೆ ಉಜ್ಜಿ ಉಜ್ಜಿ ಸಮತಟ್ಟು ಮಾಡಿದಳು. ಮೂಲೆಗಳು ನೂಲು ಕಡಿಯದಂತೆ ದುಂಡಗೆ ತಿಕ್ಕಿದಳು. ಎಣ್ಣೆ ಹಚ್ಚಲಿಲ್ಲ. ಎಣ್ಣೆ ಬಟ್ಟೆಗೆ ಇಳಿಯುತ್ತದೆ, ಎಣ್ಣೆ ಹಚ್ಚಿದ ಮರ ಬಟ್ಟೆಯ ಹಬೆ ಕುಡಿಯುವುದಿಲ್ಲ.

ಈ ಸಲ ಕೆಂಡ ಹದವಾಗಿತ್ತು. ನೀರು ಚಿಮುಕಿಸಿದಳು, ತಂಬಿಗೆ ಒತ್ತಿದಳು, ಎತ್ತಿದ ಕೂಡಲೇ ಬಿಸಿ ಅಂಚಿನ ಮೇಲೆ ಒನಕೆಯ ತುಂಡು ಇಟ್ಟಳು. ಎರಡೂ ಅಂಗೈ ಮರದ ಮೇಲೆ ಊರಿದಳು. ಒತ್ತಲಿಲ್ಲ, ಬಿಡಲೂ ಇಲ್ಲ.

ನೆರೆಯವಳು ಕೆಂಡ ಕೇಳಲು ಬಂದು ಬಾಗಿಲಲ್ಲಿ ನಿಂತಳು. “ಏನು ಮಾಡಾಕತ್ತೀಯೇ?”

“ಏನೂ ಇಲ್ಲ. ಹಿಡಕೊಂಡು ಕೂತೀನಿ.”

“ಹೀಂಗ ಕೂತರ ಕೌದಿ ಯಾವಾಗ ಮುಗೀತದ?”

ಬಾಳವ್ವ ತಲೆಯೆತ್ತಲಿಲ್ಲ. ಬಟ್ಟೆಯ ಕಾವು ಪೂರ್ತಿ ಇಳಿದ ಮೇಲೆ ಮರ ಎತ್ತಿದಳು. ಅಂಚು ಮಲಗಿತ್ತು. ಸೂಜಿಗೆ ದಾರ ಪೋಣಿಸಿದಳು, ಆಗಲೂ ಮಲಗಿತ್ತು. ಬಟ್ಟೆಯನ್ನು ಎತ್ತಿ ಕೊಡವಿದಳು. ಅಂಚು ಏಳಲಿಲ್ಲ.

ಕೆಲಸ ನಿಧಾನವಾಯಿತು. ಒಂದೊಂದು ಅಂಚಿಗೂ ಬಿಸಿ ಮಾಡುವುದಕ್ಕಿಂತ ಆರಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಬೇರೆಯವರ ಕೌದಿಗಳು ಹಿಂದೆ ಬಿದ್ದವು. ಕೆಲವರು ಬೇಸರ ಮಾಡಿಕೊಂಡು ಬಟ್ಟೆ ವಾಪಸು ಒಯ್ದರು. ಅವಳು ಮರ ಹಿಡಿದು ಕೂತೇ ಇದ್ದಳು.

ಕೌದಿ ಮುಗಿದ ದಿನ ಕುಂಬಾರನ ಮನೆಯಲ್ಲಿ ಅದನ್ನು ಹಾಸಿ ಕೂಸನ್ನು ಮಲಗಿಸಿದರು. ನಡುವಿನ ಕೆಂಪು ತುಂಡು ಅವನು ಕೇಳಿದ್ದಕ್ಕಿಂತ ಚಿಕ್ಕದಾಗಿತ್ತು. ಕೂಸು ಚೆನ್ನಾಗಿ ನಿದ್ದೆ ಮಾಡಿತು. ಅದು ಎದ್ದಾಗ ಕುಂಬಾರನ ತಾಯಿ ಎತ್ತಿಕೊಂಡು ಅದರ ಬೆನ್ನು ತಿರುಗಿಸಿ ನೋಡಿದಳು. ಒಂದು ಗೆರೆಯೂ ಮೂಡಿರಲಿಲ್ಲ.

ಅಜ್ಜನವರು ಕತೆ ನಿಲ್ಲಿಸಿದರು.

ಅಡಿವೆಪ್ಪ ಯೋಚಿಸಿ, “ಹಾಗಾದರೆ ನಾನು ಬಿರುಸಾಗಿ ಹೇಳಿದ್ದೇ ತಪ್ಪೇ?” ಎಂದು ಕೇಳಿದ.

“ಇಲ್ಲ, ಕಾವು ಬೇಕಾಗಿತ್ತು,” ಎಂದರು ಅಜ್ಜನವರು. “ತಮ್ಮ ಅತ್ತ ಮೇಲೆ ನೀನು ಅವನ ಹತ್ತಿರ ಎಷ್ಟು ಹೊತ್ತು ಕೂತಿದ್ದೆ?”

“ಅವನು ಅಳುತ್ತಿರುವಾಗಲೇ ಎದ್ದು ಮಗ್ಗಕ್ಕೆ ಹೋದೆ,” ಎಂದ ಅಡಿವೆಪ್ಪ.