ಎರಡೂ ತಟ್ಟೆಯ ವೀಳ್ಯ ಮೆದ್ದ ದೊರೆ

ಪೆದ್ದರಲ್ಲಿ ಎರಡು ಬಗೆ ಕೇಳಿ. ಮನೆಯಲ್ಲಿ ಕೂತ ಪೆದ್ದ ಕೊಡ ಒಡೆಯುತ್ತಾನೆ, ಹೋಗಲಿ ಬಿಡಿ. ಗದ್ದುಗೆ ಮೇಲೆ ಕೂತ ಪೆದ್ದ ತಾನೂ ಕೆಟ್ಟು ನಾಡನ್ನೂ ಕೆಡಿಸುತ್ತಾನೆ. ಹಿರೇಗುಂಡಿಯ ದೊರೆ ಬೊಪ್ಪರಸ ಈ ಎರಡನೇ ಬಗೆ. ಅವನು ನಾಡನ್ನು ಆಳುತ್ತಿದ್ದ, ಅವನ ತಾಯಿ ಮಾಕಾಂಬೆ ಹಣೆ ಹಣೆ ಚಚ್ಚಿಕೊಂಡು ಅವನನ್ನು ಆಳುತ್ತಿದ್ದಳು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ. ಹಿರೇಗುಂಡಿಯಲ್ಲಿ ಆ ವರ್ಷ ಉಪ್ಪೇ ಇರಲಿಲ್ಲ. ಸುಂಕದ ಜಗಳಕ್ಕೆ ಕಡಲಸೀಮೆಯ ದೊರೆ ಉಪ್ಪು ಬರುವ ಘಟ್ಟದ ದಾರಿಯನ್ನೇ ಮುಚ್ಚಿಬಿಟ್ಟಿದ್ದ. ಮಕ್ಕಳು ಸಪ್ಪೆ ಅಂಬಲಿ ಕುಡಿದು ಮುಖ ಕಿವುಚುತ್ತಿದ್ದವು. ಮನೆಗೊಬ್ಬನಂತೆ ಮುನ್ನೂರು ಮಂದಿ ಘಟ್ಟದ ಮೇಲೆ ಈಟಿ ಹಿಡಿದು ನಿಂತಿದ್ದರು. ಇಬ್ಬರು ದೊರೆಗಳೂ ಗಡಿಯ ಮಂಟಪದಲ್ಲಿ ಕೂತು ಮಾತು ಮುಗಿಸಿದರೆ ಆ ಮುನ್ನೂರು ಮಂದಿ ಮನೆಗೆ, ಇಲ್ಲದಿದ್ದರೆ ಮಸಣಕ್ಕೆ.

"ಮಗನೇ, ದುಡುಕಬೇಡ. ಅವನು ಏನು ಕೇಳಿದರೂ 'ಯೋಚಿಸಿ ಹೇಳ್ತೀನಿ' ಅನ್ನು," ಅಂದಳು ಮಾಕಾಂಬೆ.

ಹೋದ.

"ಊಟ ಆಯ್ತೇ, ಅರಸರೇ?" ಎಂದ ಕಡಲಸೀಮೆಯ ದೊರೆ.

"ಯೋಚಿಸಿ ಹೇಳ್ತೀನಿ!"

"ಜಗಳ ಸಾಕು. ಸುಂಕ ಬಿಟ್ಟೆ. ಇವತ್ತೇ ದಾರಿ ತೆಗೆಸಲೇ?"

"ಯೋಚಿಸಿ ಹೇಳ್ತೀನಿ!"

ಆ ದೊರೆ ಕಿಡಿಕಿಡಿಯಾಗಿ ಎದ್ದು ಹೋದ.

"ಥೂ ನಿನ್ನ! ಬಾಯಿಗೆ ಬಂದ ತುತ್ತು ಚೆಲ್ಲಿ ಬಂದೆಯಲ್ಲೋ! ಕೇಳಿದ ತಕ್ಷಣ 'ಆಗಲಿ' ಅನ್ನಬೇಕಿತ್ತು!" ಎಂದು ತಾಯಿ ಉಗಿದಳು.

"ಮುಂದಿನ ಸಲ ಅಂತೀನಮ್ಮ!"

ಮುಂದಿನ ಸಲ ಆ ದೊರೆ ಮುಖ ಗಂಟಿಕ್ಕಿಕೊಂಡೇ ಕೂತಿದ್ದ. "ನಿಮ್ಮ ಗಡಿಯ ಮೂರು ಹಳ್ಳಿ ಕಿತ್ತುಕೊಳ್ಳಲೇ?" ಎಂದು ಗದರಿದ.

"ಆಗಲಿ!"

"ಅಲ್ಲಿಯವರನ್ನು ಓಡಿಸಲೇ?"

"ಆಗಲಿ, ಆಗಲಿ!"

ಮೂರು ಹಳ್ಳಿಯವರು ಗಂಟುಮೂಟೆ ಹೊತ್ತು ಅರಮನೆ ಬಾಗಿಲಿಗೆ ಬಂದು ಕೂತರು. ಮಾಕಾಂಬೆಗೆ ರಕ್ತ ಕುದಿಯಿತು. "ನಿನ್ನ ಬಾಯಿಗೆ ಮಣ್ಣು ಹಾಕ! ಇನ್ನು ಮೇಲೆ ತುಟಿ ಬಿಚ್ಚಿದರೆ ನೋಡು! ಮಾತು ಮಂತ್ರಿ ಬಾಚಣ್ಣ ಆಡಲಿ. ನೀನು ಅವರು ಕೊಟ್ಟ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ತೆಪ್ಪಗೆ ಅಗಿತಾ ಕೂತಿರು!"

"ಅಷ್ಟೇ ತಾನೇ ಅಮ್ಮ?"

ಬಾಚಣ್ಣ ಮಾತುಗಾರ. ಮಧ್ಯಾಹ್ನದೊಳಗೆ ಎಲ್ಲ ಬಗೆಹರಿಯಿತು. ದಾರಿ ತೆರೆಯಿತು, ಹಳ್ಳಿ ವಾಪಸು, ಹುಡುಗರು ಮನೆಗೆ. ಆಮೇಲೆ ಪದ್ಧತಿಯಂತೆ ಎರಡು ತಟ್ಟೆ ಬಂದವು. ಮೊದಲನೆಯದು ಸ್ನೇಹದ ವೀಳ್ಯ, ಅದನ್ನು ತೆಗೆದುಕೊಳ್ಳಬೇಕು. ಎರಡನೆಯದರಲ್ಲಿ ಕುಂಕುಮ ಬಳಿದ ರಣವೀಳ್ಯ, ಅದರ ಮೇಲೊಂದು ಕಠಾರಿ. ಅದನ್ನು ಕೈಯಿಂದ ಹಿಂದಕ್ಕೆ ತಳ್ಳಬೇಕು, ಎತ್ತಿಕೊಂಡರೆ ಯುದ್ಧ. ಆ ಸೀಮೆಯ ಹಸುಗೂಸಿಗೂ ಗೊತ್ತಿದ್ದ ಸಂಗತಿ ಇದು.

ಬೊಪ್ಪರಸ ಮೊದಲನೇ ವೀಳ್ಯ ಮೆದ್ದ. ಎರಡನೇ ತಟ್ಟೆ ಬಂತು. ಕಠಾರಿ ಪಕ್ಕಕ್ಕೆ ಸರಿಸಿ ಅದನ್ನೂ ಮೆದ್ದ!

ಸಭೆಯೇ ಎದ್ದು ನಿಂತಿತು. ಕಡಲಸೀಮೆಯ ದೊರೆ ಬೆವರಿದ. "ಅರಸರೇ, ಕೈತಪ್ಪಿ ಆಯಿತೇ? ಅಥವಾ ಯುದ್ಧವೇ ಬೇಕೇ? ಒಂದು ಮಾತು ಹೇಳಿ!"

ಬೊಪ್ಪರಸ ಅಗಿದ.

"ದಮ್ಮಯ್ಯ ಮಹಾಸ್ವಾಮಿ, ಬೇಡ ಅನ್ನಿ!" ಬಾಚಣ್ಣ ಕಾಲು ಹಿಡಿದ.

ಬೊಪ್ಪರಸ ತುಟಿ ಬಿಗಿದುಕೊಂಡು, ಇನ್ನಷ್ಟು ಸುಣ್ಣ ಕೊಡಿ ಅಂತ ಬೆರಳು ತೋರಿಸಿದ.

ಘಟ್ಟದ ಮೇಲೆ ರಣಭೇರಿ ಮೊಳಗಿತು. ಬಾಯಿ ಕೆಂಪಗೆ ಮಾಡಿಕೊಂಡು ದೊರೆ ಅರಮನೆಗೆ ಬಂದ. "ಅಮ್ಮ, ಈ ಸಲ ನೀನು ಹೇಳಿದ್ದು ಒಂದೂ ತಪ್ಪಲಿಲ್ಲ!"

ಮಾಕಾಂಬೆ ಚೀರಿದಳು. "ಹೋಗೋ ಪಾಪಿ! ಆ ಮುನ್ನೂರು ತಾಯಂದಿರಿಗೆ ನಿನ್ನ ಮುಖ ತೋರಿಸು ಹೋಗು!"

ಅವನು ಮುಖ ತೊಳೆದು, ತಿಲಕ ಇಟ್ಟುಕೊಂಡು ಹೊರಟ. ಮೊದಲನೇ ಮನೆಯಲ್ಲಿ ಹೊನ್ನವ್ವ ಭತ್ತ ಕುಟ್ಟುತ್ತಿದ್ದಳು. ಅವಳ ಒಬ್ಬನೇ ಮಗ ಘಟ್ಟದ ಮೇಲಿದ್ದ.

"ತಾಯಿ, ಮುಖ ತೋರಿಸೋಕೆ ಬಂದೆ. ನೋಡಿ!"

ಹೊನ್ನವ್ವ ಒನಕೆ ಹಿಡಿದೇ ತಿರುಗಿದಳು. "ನನ್ನ ಮಗ ಬರ್ತಾನಾ, ದೊರೆ?"

ಬೊಪ್ಪರಸ ತಾಯಿ ಕಲಿಸಿದ್ದನ್ನೆಲ್ಲ ನೆನಪು ಮಾಡಿಕೊಂಡ. ಮುಖ ಅರಳಿತು.

"ಯೋಚಿಸಿ ಹೇಳ್ತೀನಿ!"

ಒನಕೆ ಇನ್ನೂ ಅವಳ ಕೈಯಲ್ಲೇ ಇತ್ತು. ಮುಂದಿನದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ.