ಅಜ್ಜಿಯನ್ನು ನುಂಗಿದ ಡಬ್ಬಿ

ಒಂದು ಓಣಿ. ಓಣಿಯ ತುದಿಗೆ ಪಾರಿಯ ಮನೆ. ಮನೆಯಲ್ಲೊಂದು ಇಂಟರ್ನೆಟ್ಟಿನ ಡಬ್ಬಿ. ಡಬ್ಬಿಗೆ ಒಂದೇ ಕಣ್ಣು. ಕಣ್ಣು ಹಸಿರಾದರೆ ಫೋನಿನೊಳಗೆ ಅಜ್ಜಿ ಬರುತ್ತಾಳೆ. ಕಣ್ಣು ಕೆಂಪಾದರೆ ಅಜ್ಜಿ ಹೋಗುತ್ತಾಳೆ.

ಅಜ್ಜಿ ಇರುವುದು ದೂರದ ಊರಲ್ಲಿ. ಅವತ್ತು ಅವಳು ಕತೆ ಹೇಳುತ್ತಿದ್ದಳು. ದಾರಿ ತಪ್ಪಿದ ಪುಟ್ಟ ಅಳಿಲಿನ ಕತೆ. "ಅಳಿಲು ಬಾಗಿಲಾ ಬಡೀತು. ಬಾಗಿಲಾ ತೆಗದ್ರು. ಒಳಗ ಯಾರಿದ್ರು ಅಂದ್ರ..."

ಡಬ್ಬಿಯ ಕಣ್ಣು ಕೆಂಪಾಯಿತು. ಅಜ್ಜಿ ಹೋದಳು. ಕತೆಯೂ ಹೋಯಿತು.

ಅಪ್ಪನಿಗೆ ಸಿಟ್ಟು ಬಂತು. ಇದು ದಿನದ ಗೋಳು, ನಾಳೆ ಬೇರೆ ಕಂಪನಿಯ ನೆಟ್ ಹಾಕಿಸುತ್ತೇನೆ ಅಂದ. ಪಾರಿಗೆ ನಾಳೆ ಬೇಡ. ಪಾರಿಗೆ ಅಜ್ಜಿ ಈಗಲೇ ಬೇಕು. ಪಾಪ, ಅಳಿಲು ಇನ್ನೂ ಬಾಗಿಲಲ್ಲೇ ನಿಂತಿದೆಯಲ್ಲ.

"ಡಬ್ಬಿ ಡಬ್ಬಿ, ನಮ್ಮಜ್ಜಿನ್ನ ಕೊಡು."

ಡಬ್ಬಿ ಒಲ್ಲೆ ಅಂದಿತು. "ವೈರು ನೆಟ್ ಕೊಡವಲ್ದು. ನಾ ಹೆಂಗ ಕೊಡ್ಲಿ?"

ಪಾರಿ ಮಾಳಿಗೆ ಹತ್ತಿದಳು. "ವೈರು ವೈರು, ಡಬ್ಬಿಗೆ ನೆಟ್ ಕೊಡು. ಡಬ್ಬಿ ನಮ್ಮಜ್ಜಿನ್ನ ಕೊಡತೈತಿ."

ವೈರು ಒಲ್ಲೆ ಅಂದಿತು. "ನನ್ನ ಮ್ಯಾಲೆ ಕೌದಿ ಕುಂತೈತಿ. ನಡಾ ಬಗ್ಗಿ ಹೋಗೈತಿ."

ನೋಡಿದರೆ ನಿಜ. ವೈರಿನ ಮೇಲೆ ಹೊದೆಯುವ ಹಸಿ ಕೌದಿ. ಅಜ್ಜಿ ಬರುವ ದಾರಿಯ ಮೇಲೇ ಕೌದಿ. ಹಾಕಿದ್ದು ಯಾರು? ಮತ್ಯಾರು, ಅಪ್ಪನೇ. ದಿನಾ ಅಲ್ಲೇ ಬಟ್ಟೆ ಹಾಕುವುದು, ದಿನಾ ಡಬ್ಬಿಯನ್ನು ಬೈಯುವುದು.

"ಕೌದಿ ಕೌದಿ, ವೈರು ಬಿಡು. ವೈರು ಡಬ್ಬಿಗೆ ನೆಟ್ ಕೊಡತೈತಿ. ಡಬ್ಬಿ ನಮ್ಮಜ್ಜಿನ್ನ ಕೊಡತೈತಿ."

ಕೌದಿ ಒಲ್ಲೆ ಅಂದಿತು. "ನನ್ನ ಹಗ್ಗ ಬಾವಿ ಒಯ್ದೈತಿ. ನಾ ಎಲ್ಲಿ ಒಣಗ್ಲಿ?"

ಪಾರಿ ಬಾವಿಗೆ ಓಡಿದಳು. "ಬಾವಿ ಬಾವಿ, ಕೌದಿ ಹಗ್ಗ ಕೊಡು. ಕೌದಿ ವೈರು ಬಿಡತೈತಿ. ವೈರು ಡಬ್ಬಿಗೆ ನೆಟ್ ಕೊಡತೈತಿ. ಡಬ್ಬಿ ನಮ್ಮಜ್ಜಿನ್ನ ಕೊಡತೈತಿ."

ಬಾವಿ ಒಲ್ಲೆ ಅಂದಿತು. "ನನ್ನ ಹಗ್ಗ ಕರು ಒಯ್ದೈತಿ. ನಾ ನೀರು ಹೆಂಗ ಕೊಡ್ಲಿ?"

ಪಾರಿ ಕರುವಿನ ಹತ್ತಿರ ಓಡಿದಳು. "ಕರು ಕರು, ಬಾವಿ ಹಗ್ಗ ಕೊಡು. ಬಾವಿ ಕೌದಿ ಹಗ್ಗ ಕೊಡತೈತಿ. ಕೌದಿ ವೈರು ಬಿಡತೈತಿ. ವೈರು ಡಬ್ಬಿಗೆ ನೆಟ್ ಕೊಡತೈತಿ. ಡಬ್ಬಿ ನಮ್ಮಜ್ಜಿನ್ನ ಕೊಡತೈತಿ."

ಕರು ಒಲ್ಲೆ ಅಂದಿತು. "ನನ್ನ ಹಗ್ಗ ದ್ಯಾಮಕ್ಕನ ಮನಿ ಜೋಲಿ ಒಯ್ದೈತಿ. ಕಟ್ಟದಿದ್ರ ನಾ ಓಡಿ ಹೋಗ್ತೀನಿ."

ಪಾರಿ ಅದೇ ಓಣಿಯ ದ್ಯಾಮಕ್ಕನ ಮನೆಗೆ ಓಡಿದಳು. "ಜೋಲಿ ಜೋಲಿ, ಕರು ಹಗ್ಗ ಕೊಡು. ಕರು ಬಾವಿ ಹಗ್ಗ ಕೊಡತೈತಿ. ಬಾವಿ ಕೌದಿ ಹಗ್ಗ ಕೊಡತೈತಿ. ಕೌದಿ ವೈರು ಬಿಡತೈತಿ. ವೈರು ಡಬ್ಬಿಗೆ ನೆಟ್ ಕೊಡತೈತಿ. ಡಬ್ಬಿ ನಮ್ಮಜ್ಜಿನ್ನ ಕೊಡತೈತಿ."

ಜೋಲಿ ಒಲ್ಲೆ ಅಂದಿತು. "ನನ್ನೊಳಗ ಕೂಸೈತಿ. ಕೂಸು ಇಳಿಯವಲ್ದು."

ದ್ಯಾಮಕ್ಕ ರೊಟ್ಟಿ ಬಡಿಯುತ್ತಿದ್ದಳು. "ಅವನ ಹತ್ರ ಕುಂದ್ರಾಕ ಯಾರೂ ಇಲ್ಲವ್ವಾ ತಂಗಿ. ಒಬ್ಬನ ಆಗ್ತಾನ. ಅದಕ್ಕ ಜೋಲಿ ಬಿಡವಲ್ಲ" ಅಂದಳು.

ಒಬ್ಬರೇ ಆಗುವುದು ಅಂದರೆ ಏನೆಂದು ಪಾರಿಗೆ ಗೊತ್ತು. ಅಜ್ಜಿ ಹೋದಾಗ ಅವಳೂ ಒಬ್ಬಳೇ ಆಗಿದ್ದಳು. ಅವಳು ಜೋಲಿಯೊಳಗೆ ಬಗ್ಗಿದಳು. ಹಗ್ಗ ಕೇಳಲಿಲ್ಲ. ಕರು, ಬಾವಿ, ಕೌದಿ ಅನ್ನಲಿಲ್ಲ.

"ಬರ್ತೀಯೇನೋ ಮುದ್ದು? ನಮ್ಮಜ್ಜಿ ಕತಿ ಹೇಳ್ತಾಳ."

ಕೂಸು ಒಲ್ಲೆ ಅನ್ನಲಿಲ್ಲ. ಎರಡೂ ಕೈ ಚಾಚಿತು.

ಕೂಸು ಪಾರಿಯ ಸೊಂಟ ಏರಿತು. ಜೋಲಿ ಕರುವಿನ ಹಗ್ಗ ಕೊಟ್ಟಿತು. ಕರು ಬಾವಿಯ ಹಗ್ಗ ಕೊಟ್ಟಿತು. ಬಾವಿ ಕೌದಿಯ ಹಗ್ಗ ಕೊಟ್ಟಿತು. ಅಪ್ಪ ಮಾಳಿಗೆಯ ಮೇಲೆ ಹಗ್ಗ ಕಟ್ಟಿದ. ಕೌದಿ ವೈರು ಬಿಟ್ಟಿತು. ವೈರು ಡಬ್ಬಿಗೆ ನೆಟ್ ಕೊಟ್ಟಿತು. ಡಬ್ಬಿಯ ಕಣ್ಣು ಹಸಿರಾಯಿತು. ಬೇರೆ ಕಂಪನಿಯ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ.

ಡಬ್ಬಿ ಅಜ್ಜಿಯನ್ನು ಕೊಟ್ಟಿತು. "ಎಲ್ಲಿ ಹೋಗಿದ್ದಿ ನನ್ನವ್ವಾ? ನಾ ಇಲ್ಲೇ ಕುಂತೀನಿ" ಅಂದಳು ಅಜ್ಜಿ.

ಪಾರಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. "ಅಜ್ಜಿ, ಒಳಗ ಯಾರಿದ್ರು?"

"ಅಳಿಲಿನ ಅಜ್ಜಿ ಇದ್ಲು. ಬಂದ್ಯಾ ನನ್ನವ್ವಾ, ನಿನ್ನ ಹಾದೀನ ನೋಡಾಕತ್ತಿದ್ದೆ, ಅಂದ್ಲು."

ಅಳಿಲು ಮನೆಗೆ ಬಂತು. ಕೂಸಿಗೆ ನಿದ್ದೆ ಬಂತು. ನಮ್ಮ ಕತೆಗೆ ಕೊನೆ ಬಂತು.